ಬೋರೇದೇವರ ಕಲ್ಲೆತ್ತು

ನಮ್ಮಪ್ಪ ದೊಡ್ಡಪಾಲಯ್ಯ ಜಗಮೊಂಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೆತ್ತ ಅಪ್ಪನ ಬಗ್ಗೆ ಹೀಗೆಲ್ಲ ಅನ್ನಬಹುದಾ ಚಿನ್ನಕ್ಕ ಎಂದು ಯಾರೂ ಮೂಗು ಮುರಿಯಬಾರದು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಒಂದು ಹರದಾರಿ ಒಳಗೆ ನಮ್ಮ ಕಾರೇಹಟ್ಟಿ. ಬೋರೇದೇವರ ಹೆಸರಲ್ಲಿ ಹರಕೆ ಹೊತ್ತು ಬಿಟ್ಟ ಎತ್ತುಗಳು ಆಗ ಅಲ್ಲಿ ಅರವತ್ತಕ್ಕೆ ಮೇಲಿದ್ದವು. ದೇವರೆತ್ತು ಅಂದಮೇಲೆ ಅದರ ಹೆಗಲಿಗೆ ನೊಗ ಇಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಸಾಯುವ ತನಕ ಮೇಯ್ದುಕೊಂಡು, ಮೆಲುಕು ಹಾಕಿಕೊಂಡು ಇರಬೇಕು ಅಷ್ಟೆ. ಅವನ್ನು ಕಾಯುವವನಿಗೆ ಕಿಲಾರಿ ಅನ್ನುತ್ತಾರೆ. ನಮ್ಮಪ್ಪನೇ ಆ ಕಿಲಾರಿ. ಎತ್ತಿಗಾದರೂ ಬಾಲ ತಿರುಚಿದರೆ ಒಂದು ಹೆಜ್ಜೆ ಮುಂದಿಡುತ್ತದೆ. ನಮ್ಮಪ್ಪನಿಗೆ ಏನನ್ನು ತಿರುಚಬೇಕು ಎಂಬುದು ಇಪ್ಪತ್ತೈದು ವರ್ಷ ಸಂಸಾರ ಮಾಡಿದ ನಮ್ಮವ್ವ ಕೆಂಚಕ್ಕನಿಗೂ ಗೊತ್ತಾಗಿರಲಿಲ್ಲ.

ಅಂಥ ಅಪ್ಪನ ಹೊಟ್ಟೆಯಲ್ಲಿ ಹುಟ್ಟಿದ ನಾನೇನು ಕಮ್ಮಿಯೇ? ಕಟ್ಟಿಕೊಂಡರೆ ಚಿತ್ತಪ್ಪನನ್ನೇ ಎಂದು ಹಟ ಹಿಡಿದು ಕೂತಿದ್ದೆ.

ಚಿತ್ತಪ್ಪ ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸರ್ಕಾರಿ ದನ ಕಾಯುತ್ತಿದ್ದವನು. ದೊಡ್ಡ ಯುದ್ಧಕ್ಕೆ ಎತ್ತುಗಳನ್ನು ಸಾಗಿಸುವಾಗ, ಅವನ್ನು ನೋಡಿಕೊಳ್ಳಲು ಇವನನ್ನೂ ಕರೆದುಕೊಂಡು ಹೋದರು. ಬಸ್ರಾ ಎಂಬ ಊರಂತೆ. ಮೂರು ವರ್ಷ ಇದ್ದು, ಯುದ್ಧ ಮುಗಿದಮೇಲೆ ಬಂದ. ಎತ್ತುಗಳು ಬರಲಿಲ್ಲ. ಅವುಗಳ ಮಾತು ಬಂದರೆ ಇವನು ಇವತ್ತಿಗೂ ಎದ್ದು ಆಚೆ ಹೋಗುತ್ತಾನೆ.

ಅಪ್ಪನಿಗೆ ನನ್ನನ್ನು ತನ್ನ ಅಕ್ಕನ ಮಗ ಯರ್ರಪ್ಪನಿಗೆ ಕೊಡುವ ಆಸೆ. ಯರ್ರಪ್ಪ ಕೆಟ್ಟವನು ಅನ್ನುವುದಿಲ್ಲ. ಕೆಟ್ಟವನಾಗಬೇಕಾದರೂ ಎಚ್ಚರ ಇರಬೇಕಲ್ಲ! ಕೂತಲ್ಲಿ ತೂಕಡಿಕೆ, ನಿಂತಲ್ಲಿ ಆಕಳಿಕೆ. ಉಣ್ಣುವಾಗ ಕೂಡ ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡೇ ಒಂದು ನಿದ್ದೆ ತೆಗೆಯುತ್ತಿದ್ದ.

ಚಿತ್ತಪ್ಪನಿಗೆ ಹೆಣ್ಣು ಕೊಡುವುದಿಲ್ಲ ಅನ್ನಲು ಅಪ್ಪನಿಗೆ ಕಾರಣ ಇರಲಿಲ್ಲ. ಕಾರಣವನ್ನು ಚಿತ್ತಪ್ಪನೇ ತಂದು ಕೊಟ್ಟ, ಪೆದ್ದ. ಒಂದು ಸಂಜೆ ಹಟ್ಟಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದಾಗ, ನಾನು ವಾಪಸು ಬಂದದ್ದು ಕಲ್ಲಿನ ಹಡಗಿನಲ್ಲಿ ಎಂದು ಹೇಳಿದ. ಯುದ್ಧದಲ್ಲಿ ಕಬ್ಬಿಣವೆಲ್ಲ ತೋಪು, ಗುಂಡಿಗೇ ಸಾಲದಾಯಿತಂತೆ. ಕಟ್ಟಿದ ಹಡಗುಗಳನ್ನು ವೈರಿಗಳು ಕಟ್ಟಿದಷ್ಟೇ ಬೇಗ ಮುಳುಗಿಸುತ್ತಿದ್ದರಂತೆ. ಆಗ ದೊರೆಗಳು ಸಿಮೆಂಟು ಎಂಬ ಬೂದಿಯಂಥ ಪುಡಿಗೆ ಮರಳು, ಜಲ್ಲಿ, ನೀರು ಸೇರಿಸಿ ಕಲಸಿ, ಒಳಗೆ ಕಬ್ಬಿಣದ ಕಡ್ಡಿಯ ಬಲೆ ಇಟ್ಟು, ಗೋಡೆ ಎಬ್ಬಿಸಿದ ಹಾಗೆ ಹಡಗು ಎಬ್ಬಿಸಿದರಂತೆ. ಒಣಗಿದರೆ ಥೇಟು ಕಲ್ಲು. ಅದು ತೇಲಿತು, ಸಮುದ್ರ ದಾಟಿತು, ನಾನು ಅದರ ಮೇಲೇ ಮಲಗಿ ಬಂದೆ ಎಂದ.

ಹಟ್ಟಿ ಬಿದ್ದು ಬಿದ್ದು ನಕ್ಕಿತು. ಗುಂಡು ತೇಲಿತಂತೆ, ಬೆಂಡು ಮುಳುಗಿತಂತೆ ಎಂದು ಹೆಂಗಸರು ರಾಗಿ ಬೀಸುವಾಗ ಪದ ಕಟ್ಟಿ ಹಾಡಿದರು. ಅವನ ಹೆಸರೇ ಕಲ್ಲಡಗು ಚಿತ್ತಪ್ಪ ಎಂದಾಯಿತು. ಅಲ್ಲಿಗಾದರೂ ಬಾಯಿ ಮುಚ್ಚಿಕೊಳ್ಳಬಾರದೇ? ನಗಬೇಡಿ, ನಡುನೀರಲ್ಲಿ ಬಿರುಗಾಳಿ ಎದ್ದಾಗ ನಾನು ಹರಕೆ ಹೊತ್ತಿದ್ದೆ, ಬೋರೇದೇವರೇ ಇದು ನನ್ನನ್ನು ದಡ ಮುಟ್ಟಿಸಿದರೆ ಇದನ್ನೇ ನಿನ್ನ ಹೆಸರಿಗೆ ಎತ್ತು ಅಂತ ಬಿಡ್ತೀನಿ ಅಂದಿದ್ದೆ, ದೇವರ ಮೇಲೆ ಸುಳ್ಳು ಹೇಳ್ತೀನಾ ಎಂದುಬಿಟ್ಟ.

ಅಪ್ಪನ ಕಣ್ಣು ಮಿಂಚಿದ್ದು ನನಗೆ ದೂರದಿಂದಲೇ ಕಂಡಿತು. ಹಟ್ಟಿಯ ಯಜಮಾನ ಸೂರಪ್ಪಜ್ಜ ಪಕ್ಕದಲ್ಲೇ ಕೂತಿದ್ದ. ಅವನ ಎದುರಿಗೇ ಅಪ್ಪ ತೀರ್ಪು ಕೊಟ್ಟ.

"ಕೇಳಲೇ ಚಿತ್ತಪ್ಪ. ನಿನ್ನ ಹಡಗು ಸುಳ್ಳಾದ್ರೆ ನೀನು ಸುಳ್ಳ. ಸುಳ್ಳನಿಗೆ ನನ್ನ ಮಗಳಿಲ್ಲ. ನಿಜ ಆದ್ರೆ ನೀನು ಹರಕೆ ಬಾಕಿ ಇಟ್ಕಂಡೋನು. ಹರಕೆ ತೀರೋಗಂಟ ಬಾಸಿಂಗ ಕಟ್ಟಂಗಿಲ್ಲ. ಹೋಗು, ಆ ಕಲ್ಲೆತ್ತನ್ನ ಹಟ್ಟಿಗೆ ಹೊಡ್ಕಂಡು ಬಾ. ಬಂದ ದಿನವೇ ಚಿನ್ನಕ್ಕನ್ನ ಧಾರೆ ಎರೀತೀನಿ. ನನ್ನ ಕೇಳಿದ್ರೆ, ನೀನು ಸುಳ್ಳನೇ."

ಅತ್ತ ದರಿ ಇತ್ತ ಪುಲಿ. ನಿಜವೆಂದರೂ ಮದುವೆ ಇಲ್ಲ, ಸುಳ್ಳೆಂದರೂ ಇಲ್ಲ. ಸಮುದ್ರದ ಹಡಗನ್ನು ಕಾರೇಹಟ್ಟಿಗೆ ಹೊಡೆದುಕೊಂಡು ಬರಲು ಅದೇನು ಹೋರಿಕರುವೇ?

ಹೀಗೇ ಎರಡು ವರ್ಷ ಕಳೆಯಿತು. ಆಗ ಚಳ್ಳಕೆರೆಯ ಕಂಬಳಿ ವ್ಯಾಪಾರಿ ಅಜ್ಜಪ್ಪನವರು ನಮ್ಮಲ್ಲಿ ಕುರಿ ಉಣ್ಣೆ ಕೊಳ್ಳಲು ಬಂದವರು ಒಂದು ಸುದ್ದಿ ತಂದರು. ಅವರು ಸಮುದ್ರದ ದಂಡೆಯ ಚೆನ್ನಪಟ್ಟಣಕ್ಕೆ ಕಂಬಳಿ ಒಯ್ಯುವವರು. ಅಲ್ಲಿಯ ಬಂದರಿನಲ್ಲಿ ಬೂದಿ ಬಣ್ಣದ ಒಂದು ಹಡಗು ನಿಂತಿತ್ತಂತೆ. ಅದು ತೂತುಕುಡಿಯಿಂದ ಉಪ್ಪು ಹೊತ್ತು ತರುತ್ತದೆ, ಯುದ್ಧಕಾಲದ್ದು, ಕಬ್ಬಿಣದ್ದಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಕಲ್ಲೋ ಕಬ್ಬಿಣವೋ ನಾನು ಮುಟ್ಟಿ ನೋಡಲಿಲ್ಲ ತಾಯಿ ಎಂದರು ಅಜ್ಜಪ್ಪನವರು. ಅಪ್ಪ ಅದನ್ನೂ ಕೇಳಿ ನಕ್ಕ.

ಆವತ್ತು ಮಧ್ಯಾಹ್ನ ನಾನು ಗೋಕಟ್ಟೆಯಲ್ಲಿ ಪಾತ್ರೆ ಬೆಳಗುತ್ತಿದ್ದೆ. ಅವ್ವ ಉಪ್ಪಿನಕಾಯಿ ಹಾಕುತ್ತಿದ್ದ ಕಲ್ಲುಮರಿಗೆ ಖಾಲಿಯಾಗಿತ್ತು, ಅದನ್ನೂ ತಂದಿದ್ದೆ. ಬಳಪದ ಕಲ್ಲನ್ನು ಕೊರೆದು ಮಾಡಿದ ಬೋಗುಣಿ, ಅವ್ವನ ತವರಿನಿಂದ ಬಂದದ್ದು. ಅಪ್ಪನ ನಗು ನೆನೆದು ಸಿಟ್ಟಿನಲ್ಲಿ ಉಜ್ಜುತ್ತಿದ್ದವಳ ಕೈಯಿಂದ ಅದು ಜಾರಿ ನೀರಿಗೆ ಹೋಯಿತು. ಸೀರೆ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ಹಿಡಿದು ತಂದೆ. ತಂದು, ಅದನ್ನೇ ನೋಡುತ್ತ ಎಷ್ಟೋ ಹೊತ್ತು ಕೂತಿದ್ದೆ. ಮನೆಗೆ ಬಂದು ಅವ್ವನಿಗೆ ಒಂದು ಪ್ರಶ್ನೆ ಹೇಳಿಕೊಟ್ಟೆ. ಅಪ್ಪನ ಎದುರು ನಾನು ಕೇಳಿದರೆ ಹಲ್ಲು ಉದುರುತ್ತಿದ್ದವು. ಅವ್ವ ಕೇಳಿದರೆ ಪೆದ್ದಿ ಕೇಳಿದಳು ಎಂದು ಸುಮ್ಮನಿರುತ್ತಿದ್ದ.

ಮುಂದಿನ ಸೋಮವಾರ ಕಟ್ಟೆಯ ಮೇಲೆ ಕೂಟ ಸೇರಿದಾಗ ಅವ್ವ ಸೆರಗು ಹೊದ್ದುಕೊಂಡು, ಮುಖ ಸಪ್ಪೆ ಮಾಡಿಕೊಂಡು ಸೂರಪ್ಪಜ್ಜನನ್ನು ಕೇಳಿದಳು. ಹರಕೆ ಎತ್ತು ದೇವರದಾಗೋದು ಯಾವಾಗ? ಬಾಯಲ್ಲಿ ಅಂದಾಗಲೋ, ಹಟ್ಟಿಗೆ ಬಂದಮೇಲೋ?

ಸೂರಪ್ಪಜ್ಜ ಯೋಚನೆಯನ್ನೂ ಮಾಡಲಿಲ್ಲ. ಹಿಂದಿನ ವರ್ಷ ತಿಪ್ಪಯ್ಯ ಎಂಬವನು ಹರಕೆ ಹೊತ್ತ ಎತ್ತನ್ನು ಇನ್ನೊಂದು ಬೇಸಾಯ ಮುಗಿಯಲಿ ಎಂದು ಇಟ್ಟುಕೊಂಡಿದ್ದ. ಬಾಯಿಂದ ಮಾತು ಬಿದ್ದ ಕೂಡಲೇ ಅದು ದೇವರದು, ನಿನ್ನದಲ್ಲ ಎಂದು ಅಪ್ಪನೇ ನೊಗದಿಂದ ಬಿಚ್ಚಿ ಎಳೆದುಕೊಂಡು ಬಂದಿದ್ದ. ಹಟ್ಟಿಗೆಲ್ಲ ಗೊತ್ತಿದ್ದ ಸಂಗತಿ. ನಿನ್ನ ಗಂಡನೇ ಹೇಳಿದ್ದಾನಲ್ಲಮ್ಮ ಎಂದ ಅಜ್ಜ.

"ಹಂಗಾದ್ರೆ ಆ ಕಲ್ಲೆತ್ತು ಎರಡು ವರ್ಷದಿಂದ ದೇವರ್ದೇ ಆತಲ್ಲಜ್ಜ," ಎಂದಳು ಅವ್ವ. "ದೇವರೆತ್ತು ಯಾರ್ದೋ ಉಪ್ಪು ಹೊರ್ತಾ ಐತೆ. ನಮ್ಮ ಕಿಲಾರಿ ಮನೇಲಿ ಮಂಚದ ಮೇಲೆ ಮಲಗವ್ನೆ. ತಪ್ಪು ಯಾರ್ದು?"

ಎಲ್ಲರ ಮುಖ ಅಪ್ಪನ ಕಡೆ ತಿರುಗಿತು. ದೇವರೆತ್ತು ದಾರಿ ತಪ್ಪಿದರೆ ಹುಡುಕಿ ಹೋಗಬೇಕಾದವನು ಕಿಲಾರಿ. ಅದು ಸಿಗುವ ತನಕ ಅವನು ಕ್ಷೌರ ಮಾಡಿಸಿಕೊಳ್ಳಬಾರದು, ಮಂಚ ಹತ್ತಬಾರದು, ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣಬಾರದು. ಈ ಕಟ್ಟು ಇವತ್ತು ನಿನ್ನೆಯದಲ್ಲ. ಬೇರೆ ಹಟ್ಟಿಯ ಕಿಲಾರಿಗಳು ಇದರಲ್ಲಿ ಒಂಚೂರು ಸಡಿಲ ಬಿಟ್ಟರೆ ಮೊದಲು ಬೈಯುತ್ತಿದ್ದವನೇ ನಮ್ಮಪ್ಪ. ಅಂಥ ಹಡಗೇ ಇಲ್ಲ ಎಂದು ಅವನು ಕೂಗಾಡಿದ. ಇಲ್ಲವೋ ಐತೋ ಹೋಗಿ ನೋಡ್ಕಂಡು ಬಾ ಪಾಲಯ್ಯ, ದೇವರ ವಿಷ್ಯ ಎಂದ ಸೂರಪ್ಪಜ್ಜ. ಅಪ್ಪ ತಾನು ತೋಡಿದ ಗುಂಡಿಯಲ್ಲಿ ತಾನೇ ಬಿದ್ದ. ನಾನು ಗೋಡೆಯ ಮರೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದೆ.

ದಾರಿ ತೋರಿಸಲು ಚಿತ್ತಪ್ಪ ಹೊರಟ. ಅಪ್ಪ ಕಂಬಳಿ, ಕೋಲು, ಒಂದು ಕೊರಳಗಂಟೆ, ಭಂಡಾರದ ಅರಿಶಿನದ ಚೀಲ, ಒಂದು ಗಂಟು ಹುರಿಹಿಟ್ಟು ತೆಗೆದುಕೊಂಡ. ರಾಯದುರ್ಗಕ್ಕೆ ನಡೆದು, ಅಲ್ಲಿ ರೈಲು ಹತ್ತಿ, ಬಳ್ಳಾರಿ, ಗುಂತಕಲ್ಲು ದಾಟಿ ಹೋದರು. ಮುಂದಿನದನ್ನು ನಾನು ಕಂಡಿಲ್ಲ. ಅಪ್ಪ ಹೇಳಿದ್ದು ಒಂದು ತರ, ಚಿತ್ತಪ್ಪ ಹೇಳಿದ್ದು ಇನ್ನೊಂದು ತರ. ನಾನು ಚಿತ್ತಪ್ಪನದನ್ನು ನಂಬುತ್ತೇನೆ.

ಚೆನ್ನಪಟ್ಟಣದಲ್ಲಿ ಸಮುದ್ರ ಕಂಡ ಕೂಡಲೇ ಅಪ್ಪ ಕೇಳಿದ್ದು, ಇದರ ಏರಿ ಎಲ್ಲೈತೆ, ಕೋಡಿ ಬೀಳೋದು ಯಾವ ಕಡೆಗೆ ಎಂದು. ಏರಿ ಇಲ್ಲದೆ ಇಷ್ಟು ನೀರು ನಿಂತದ್ದೇ ಅವನಿಗೆ ಸರಿ ಬರಲಿಲ್ಲ. ಬಂದರಿನಲ್ಲಿ ಆ ಹಡಗು ಇತ್ತು. ಬೂದಿ ಬಣ್ಣ, ಮೈತುಂಬ ತೇಪೆ, ಹೊಟ್ಟೆಯ ತುಂಬ ಉಪ್ಪಿನ ಮೂಟೆ. ಚಿತ್ತಪ್ಪ ಅದನ್ನು ನೋಡಿ ಕೈ ಮುಗಿದ. ಅಪ್ಪ ಮುಗಿಯಲಿಲ್ಲ. ಸಂತೆಯಲ್ಲಿ ಎತ್ತು ನೋಡುವವನ ಹಾಗೆ, ದೋಣಿಯಲ್ಲಿ ಕೂತು ಸುತ್ತಲೂ ಒಂದು ಬಳಸು ಬಂದ. ಕೋಲಿನಿಂದ ತಟ್ಟಿದ, ಉಗುರಿನಿಂದ ಕೆರೆದ, ಕೆರೆದದ್ದನ್ನು ಮೂಸಿದ. ಕಲ್ಲೇ. ಮೇಲಿನಿಂದ ಹಡಗಿನ ಸಾರಂಗ, ಅಂದರೆ ಆಳುಗಳ ಮೇಸ್ತ್ರಿ, ಯಾರಯ್ಯ ನೀನು ಎಂದು ತೆಲುಗಿನಲ್ಲಿ ಕೂಗಿದ. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತದೆ.

"ಎದ್ದು ಕೋಸಂ ವಚ್ಚಿನಾ," ಎಂದ ಅಪ್ಪ. ಎತ್ತಿಗೋಸ್ಕರ ಬಂದಿದ್ದೇನೆ ಎಂದು.

ಪುಣ್ಯಕ್ಕೆ ಆ ಸಾರಂಗ ಒಳ್ಳೆಯವನು, ವಯಸ್ಸಾದವನು. ಚಿತ್ತಪ್ಪ ಎಲ್ಲವನ್ನೂ ಬಿಡಿಸಿ ಹೇಳಿದಮೇಲೆ ಇಬ್ಬರನ್ನೂ ಮೇಲೆ ಹತ್ತಿಸಿಕೊಂಡ. ಅವನು ಆ ಹಡಗು ನೀರಿಗಿಳಿದಾಗಿನಿಂದ ಅದರಲ್ಲೇ ಇದ್ದವನಂತೆ. ಮೊದಲು ಹೇಸರಗತ್ತೆಗಳಿಗೆ ಹುಲ್ಲು ಹೊತ್ತಿತಂತೆ, ಆಮೇಲೆ ಗಾಯಾಳುಗಳನ್ನು, ಆಮೇಲೆ ಊರಿಗೆ ಮರಳುವವರನ್ನು. ಯುದ್ಧ ಮುಗಿದು ಮಾರಿದಮೇಲೆ ಖರ್ಜೂರ, ಮಂಗಳೂರು ಹೆಂಚು, ತೇಗದ ದಿಮ್ಮಿ, ಒಂದು ಸಲ ಯಾರೋ ಜಮೀನುದಾರರ ಕುದುರೆಗಳು. ಈಗ ಉಪ್ಪು. ಅದೇ ಯುದ್ಧಕ್ಕೆ ಅವಸರದಲ್ಲಿ ಕಟ್ಟಿದ ಮರದ ಹಡಗುಗಳನ್ನು ಒಡೆದು ಸೌದೆ ಮಾಡಿದರು, ಕಬ್ಬಿಣದವನ್ನು ಕರಗಿಸಿದರು ಎಂದ ಸಾರಂಗ. ಇದನ್ನು ಸುಡಲಿಕ್ಕೂ ಬರುವುದಿಲ್ಲ, ಕರಗಿಸಲಿಕ್ಕೂ ಬರುವುದಿಲ್ಲ, ಅದಕ್ಕೇ ಬದುಕಿದೆ ಎಂದ. ಅಪ್ಪ ಕೇಳುತ್ತ ಕೇಳುತ್ತ ಅದರ ಪಕ್ಕೆಯ ಮೇಲೆ ಕೈಯಾಡಿಸುತ್ತಿದ್ದ. ಮೂತಿಯ ಹತ್ತಿರ ಒಂದು ದುಂಡನೆಯ ತೇಪೆ ಇತ್ತಂತೆ. ಅದನ್ನು ನೋಡಿ, ಹಣೆಯ ಸುಳಿ ಸರಿಯಾದ ಜಾಗದಲ್ಲೇ ಐತೆ, ಒಳ್ಳೇ ಲಕ್ಷಣ ಎಂದನಂತೆ.

ಆಮೇಲೆ ಅಪ್ಪ ನಿಯಮ ತೆಗೆದ. ದೇವರೆತ್ತು ದುಡಿಯುವ ಹಾಗಿಲ್ಲ, ಇವತ್ತೇ ಇದರ ಹೊರೆ ಇಳಿಸಿ ಎಂದ. ಸಾರಂಗ ನಗಲಿಲ್ಲ. ಬಂದರಿನ ಬಾಯಿಗೆ ಕಲ್ಲು ಸುರಿದು ಕಟ್ಟಿದ ಅಡ್ಡಗೋಡೆಯನ್ನು ತೋರಿಸಿದ. ಇದು ದುಡಿಯುವುದು ನಿಲ್ಲಿಸಿದ ದಿನ ಹೊಟ್ಟೆಗೆ ಬಂಡೆ ತುಂಬಿ ಅಲ್ಲೇ ಮುಳುಗಿಸುತ್ತಾರೆ ಅಣ್ಣಾ ಎಂದ. ಅಪ್ಪ ಎಷ್ಟೋ ಹೊತ್ತು ಆ ಗೋಡೆಯನ್ನು ನೋಡುತ್ತ ನಿಂತನಂತೆ. ಹುಟ್ಟಿದಾಗಿನಿಂದ ಒಂದು ಕಟ್ಟನ್ನೂ ಬಗ್ಗಿಸದ ಮನುಷ್ಯ.

"ಹಂಗಾದ್ರೆ ಇದಕ್ಕೆ ಉಪ್ಪು ಹೊರೋದೇ ಮೇವು," ಎಂದ ಕೊನೆಗೆ. "ಮೇಯ್ಲಿ ಬಿಡು."

ಬಿಟ್ಟ ಎತ್ತನ್ನು ಕಿಲಾರಿ ಒಂದು ಸುತ್ತಾದರೂ ಮೇಯಿಸಿಕೊಂಡು ಬರಬೇಕು. ಅದಕ್ಕಾಗಿ ಅಪ್ಪ ಅದೇ ಹಡಗಿನಲ್ಲಿ ತೂತುಕುಡಿಗೆ ಹೋಗಿ ಬಂದ. ಹೋಗುವಾಗ ಮೂರು ದಿನ ವಾಂತಿ. ಕಂಬಳಿ ಮುಸುಕೆಳೆದುಕೊಂಡು, ಬೋರೇದೇವರೇ ಇದೊಂದು ಸಲ ದಡ ಮುಟ್ಟಿಸು ಎಂದು ಗೋಗರೆದನಂತೆ. ಏನಾದರೂ ಹರಕೆ ಹೊತ್ತುಕೊಳ್ಳಿ ಯಜಮಾನ್ರೇ ಎಂದ ಚಿತ್ತಪ್ಪನಿಗೆ ಕೋಲು ಎತ್ತಿದನಂತೆ. ಬರುವಾಗ ಮೈಗೆ ಹೊಂದಿಕೊಂಡಿತು. ಇಳಿಯುವ ಮುಂಚೆ ಮೂತಿಗೆ ಭಂಡಾರ ಹಚ್ಚಿ, ಕಂಬಿಗೆ ಗಂಟೆ ಕಟ್ಟಿದ. ತೇಪೆ ಹಾಕುವಾಗ ಒಡೆದು ತೆಗೆದಿದ್ದ ಒಂದು ಚಕ್ಕೆಯನ್ನು ಸಾರಂಗ ಗುರುತಿಗೆ ಕೊಟ್ಟ.

ಒಂದೂವರೆ ತಿಂಗಳಿಗೆ ಬಂದರು. ಕೆನ್ನೆ ತುಂಬ ಗಡ್ಡ, ಸುಟ್ಟು ಕರ್ರಗಾದ ಮುಖ. ಅಪ್ಪ ಎಂದು ಗೊತ್ತಾಗಿದ್ದು ಅವನು ಬಂದವನೇ ಬೈಯಲು ಶುರು ಮಾಡಿದ್ದರಿಂದ. ಆದರೆ ಕಟ್ಟೆಯ ಮೇಲೆ ಕೂತು ಹಡಗಿನ ಸುದ್ದಿ ತೆಗೆದಾಗ ಅವನ ಬಾಯಲ್ಲಿ ಬೈಗುಳವೇ ಬರಲಿಲ್ಲ. ಐತೆ ಕಣ್ರಪ್ಪ, ಕಲ್ಲಿಂದೇ ಐತೆ, ನಾನು ಅದರ ಬೆನ್ನ ಮೇಲೆ ಆರು ದಿನ ಇದ್ದೆ ಎಂದ.

ಯಾರೋ ಕಿಸಕ್ಕೆಂದರು. ಅಪ್ಪ ಚೀಲದಿಂದ ಆ ಚಕ್ಕೆ ತೆಗೆದು ತೋರಿಸಿದ. ಎಲ್ಲರೂ ಗೋಕಟ್ಟೆಗೆ ಹೋದರು. ತೇಲುವ ಹಡಗಿನ ತುಂಡು ತೇಲಬೇಕಲ್ಲ ಎಂದು ಅದನ್ನು ನೀರಿಗೆ ಹಾಕಿಸಿದರು. ಬುಳಕ್ ಎಂದು ಹೋಯಿತು, ತಿರುಗಿ ನೋಡಲಿಲ್ಲ.

ಆ ನಗು ಕೇಳಬೇಕಿತ್ತು! ಎಲ್ಲರಿಗಿಂತ ಜೋರಾಗಿ ನಕ್ಕವನು ಯರ್ರಪ್ಪ. ಜನ್ಮದಲ್ಲಿ ಮೊದಲ ಸಲ ಪೂರಾ ಎಚ್ಚರವಾಗಿದ್ದ. ಮಾವನಿಗೆ ಬಿಸಿಲು ತಲೆಗೇರಿದೆ ಎಂದ. ಅಪ್ಪ ಅವನ ಕಡೆ ನೋಡಿದ ನೋಟಕ್ಕೆ ಹಸಿ ಹುಲ್ಲು ಹತ್ತಿಕೊಳ್ಳುತ್ತಿತ್ತು. ಸೂರಪ್ಪಜ್ಜ ಮಾತ್ರ ನಗಲಿಲ್ಲ, ಅದೇ ಹೆಚ್ಚು ಭಯ. ಸುಳ್ಳಾಡುವವನ ಕೈಯಲ್ಲಿ ದೇವರ ಕೋಲು ಇರಬಾರದು ಪಾಲಯ್ಯ, ಸಾಕ್ಷಿ ಐತಾ ಎಂದು ಕೇಳಿದ.

ಅಪ್ಪ ಮೊಂಡನೇ, ನನ್ನ ವೈರಿಯೇ, ಆದರೂ ಸುಳ್ಳನಲ್ಲ. ನಿಜ ಹೇಳಿ ನಗಿಸಿಕೊಂಡು ನಿಂತ ಮುದುಕನನ್ನು ನೋಡಲು ನನ್ನಿಂದ ಆಗಲಿಲ್ಲ. ಒಂದು ವಸ್ತು ತರಲು ಮನೆಗೆ ಓಡಹೊರಟೆ. ಅವ್ವ ನನ್ನ ರಟ್ಟೆ ಹಿಡಿದಳು. ಇನ್ನೊಂದು ಗಳಿಗೆ ತಡಿ ಎಂದಳು. ಪೆದ್ದಿಯಂತೆ ಪೆದ್ದಿ!

"ಇವನಿದ್ದನಲ್ಲ, ಇವನೇ ಸಾಕ್ಷಿ," ಎಂದು ಅಪ್ಪ ಚಿತ್ತಪ್ಪನನ್ನು ಮುಂದಕ್ಕೆ ತಳ್ಳಿದ. "ಹೇಳಲೇ."

ಚಿತ್ತಪ್ಪ ನೆಲ ನೋಡಿದ. ಒಮ್ಮೆ ನನ್ನ ಕಡೆ ನೋಡಿದ.

"ನಾನು ಸುಳ್ಳ ಅಂತ ಈ ಹಟ್ಟಿ ಮುಂದೆ ನೀವೇ ಹೇಳಿದ್ರಿ ಯಜಮಾನ್ರೇ. ಸುಳ್ಳನ ಸಾಕ್ಷಿ ಯಾತಕ್ಕೆ ಬರ್ತೈತೆ?"

ಅಪ್ಪ ಕೋಲು ಎತ್ತಿದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೋಲನ್ನು ನೆಲಕ್ಕೂರಿ, ಸೂರಪ್ಪಜ್ಜನ ಕಡೆ ತಿರುಗಿದ.

"ಇವನು ಸುಳ್ಳನಲ್ಲ. ಅವತ್ತೂ ನಿಜ ಹೇಳಿದ್ದ, ನಾನೇ ನಗಾಡಿದೆ. ತಪ್ಪು ನಂದು."

"ಹರಕೆ?" ಎಂದ ಸೂರಪ್ಪಜ್ಜ.

"ತೀರ್ತು. ಎತ್ತಿಗೆ ನಾನೇ ಗಂಟೆ ಕಟ್ಟಿ ಬಂದೀನಿ."

"ಹಂಗಾದ್ರೆ ನಿನ್ನ ಮಾತು?"

ತಾನೇ ಧಾರೆಯ ಮಾತು ಕೊಟ್ಟು ಸಿಕ್ಕಿಬಿದ್ದದ್ದು ಅಪ್ಪನಿಗೆ ಆಗ ಗೊತ್ತಾಯಿತು. ಚಿತ್ತಪ್ಪನನ್ನು ನೋಡಿದ, ಅವ್ವನನ್ನು ನೋಡಿದ, ಕಡೆಗೆ ನನ್ನನ್ನು. ಯರ್ರಪ್ಪ ಇನ್ನೂ ನಗುತ್ತಲೇ ಇದ್ದ. ಅದೂ ನನಗೆ ಸಹಾಯವಾಯಿತು ಅನ್ನಿ.

"ಕೊಟ್ಟೆ," ಎಂದ ಅಪ್ಪ.

"ಹಡಗು ಕಲ್ಲಿಂದೇ ಅಜ್ಜ," ಎಂದ ಚಿತ್ತಪ್ಪ ಕೂಡಲೇ. "ನಮ್ಮ ಮಾವ ಹೇಳಿದ್ರಾಗೆ ಒಂದಕ್ಷರ ಸುಳ್ಳಿಲ್ಲ. ವಾಂತಿ ಮಾಡ್ಕಂಡಿದ್ದು ಒಂದು ಹೇಳ್ಲಿಲ್ಲ, ಅಷ್ಟೇಯ."

ಅವ್ವ ನನ್ನ ರಟ್ಟೆ ಬಿಟ್ಟಳು. ನಾನು ಓಡಿಹೋಗಿ ಕಲ್ಲುಮರಿಗೆ ತಂದು, ಎಲ್ಲರ ಎದುರಿಗೆ ಗೋಕಟ್ಟೆಯ ನೀರಿನ ಮೇಲಿಟ್ಟು ಕೈ ತೆಗೆದೆ. ಅದು ಒಂದು ಸಲ ತೊನೆಯಿತು, ನೆಟ್ಟಗಾಯಿತು, ಗಾಳಿ ಬಂದ ಕಡೆಗೆ ಮೆಲ್ಲಗೆ ತೇಲಿಕೊಂಡು ಹೊರಟಿತು. ಒಳಗೆ ಟೊಳ್ಳಿದ್ದರೆ ಕಲ್ಲೂ ತೇಲುತ್ತದೆ. ಅಷ್ಟೇ ವಿಷಯ. ಹಟ್ಟಿಯ ಹೆಂಗಸರೆಲ್ಲ ಅಂಥದ್ದನ್ನು ತೊಳೆದವರೇ, ಒಬ್ಬಳಿಗೂ ಹೊಳೆದಿರಲಿಲ್ಲ. ಯಾರೂ ಈಗ ನಗಲಿಲ್ಲ.

ಅಪ್ಪ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ.

"ಇದು ನಿಂಗೆ ಯಾವಾಗಿಂದ ಗೊತ್ತು?"

"ನೀನು ಚೆನ್ನಪಟ್ಣಕ್ಕೆ ಹೋಗೋಕೆ ಮುಂಚಿಂದ ಅಪ್ಪ."

"ಅವತ್ತೇ ತೋರಿಸಿದ್ರೆ ನಾನು ಹೋಗೋದು ತಪ್ತಿತ್ತು."

"ಅದಕ್ಕೇ ತೋರಿಸ್ಲಿಲ್ಲ."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತೆ. ಅಪ್ಪ ಗಡ್ಡ ಕೆರೆದುಕೊಂಡ. ಮರಿಗೆ ಆಚೆ ದಡ ಮುಟ್ಟಿತು.

"ಒಳ್ಳೇದೇ ಮಾಡಿದೆ ಬಿಡು," ಎಂದ. "ಆ ಎತ್ತನ್ನ ನೋಡ್ದಲೇ ಸತ್ತೋಗ್ತಿದ್ದೆ."

ಆ ಮಾತಿಗೆ ನಾನು ಅತ್ತೆ. ಮದುವೆಯಲ್ಲೂ ಅಷ್ಟು ಅಳಲಿಲ್ಲ.

ಅದಾದ ಮೇಲೆ ಅಪ್ಪ ಪ್ರತಿ ವಾರ ಚಳ್ಳಕೆರೆ ಸಂತೆಗೆ ಹೋಗತೊಡಗಿದ, ಕೊಳ್ಳುವುದು ಏನೂ ಇಲ್ಲದಿದ್ದರೂ. ನೇರವಾಗಿ ಅಜ್ಜಪ್ಪನವರ ಕಂಬಳಿ ಅಂಗಡಿಗೆ ಹೋಗಿ, ನಮ್ಮೆತ್ತು ಹೆಂಗೈತೆ ಎಂದು ಕೇಳುತ್ತಿದ್ದ. ಪಾಪ, ಅವರೂ ಚೆನ್ನಪಟ್ಟಣಕ್ಕೆ ಹೋದಾಗಲೆಲ್ಲ ಬಂದರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಉಪ್ಪು ಹೊರ್ತಾ ಐತೆ ದೊಡ್ಡಪಾಲಯ್ಯ, ಗಂಟೆನೂ ಐತೆ ಎನ್ನುತ್ತಿದ್ದರು. ಅಪ್ಪ ಅಷ್ಟು ಕೇಳಿಕೊಂಡು, ಮೂರು ಹರದಾರಿ ನಡೆದು ಮನೆಗೆ ಬಂದು, ಎರಡು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ.